ಕ್ಯಾಲೆಂಡರಿನ ಚಾಪಿ

ಬೆಟಗೇರಿ ವಾಚನಾಲಯದ ಮಾಳಗಿ ಮ್ಯಾಲ
ಹತ್ತು ಗಂಟೆದ ಬಿಸಿಲು ನಮಗಿಂತ ಮೊದಲ ಬಂದು ಕುಂತಿತ್ತು.
ಡಿಸೆಂಬರಿನ ಕಡೀ ಸೋಮವಾರ.
ಕಪ್ಪತಗುಡ್ಡದ ಕಡಿಂದ ಬರೋ ಗಾಳಿಗೆ
ಕುಲಾಯಿ ಕಿವಿತನಕ ಎಳಕೊಂಡು
ಮೆಟ್ಟಲಾ ಏರಿ ಬಂದ್ವಿ ಏಳು ಮಂದಿ,
ಬಗಲಾಗ ಒಬ್ಬೊಬ್ಬರದು ಒಂದೊಂದು ಸುರಳಿ:
ಮನಿ ಗೋಡಿಂದ ಇಳಿಸಿದ ಕ್ಯಾಲೆಂಡರ್.

"ಉದ್ದಕ ಸೀಳ್ರಿ, ಬಟ್ಟಿನಷ್ಟು ಅಗಲ"
ಅಂದ ಪರಶುರಾಮಸಾ.
ನಲವತ್ತೆರಡು ವರ್ಷ ಕುಣಿಮಗ್ಗದಾಗ ಕಾಲು ಇಳಿಬಿಟ್ಟು
ಸೀರಿ ನೇಯ್ದಾಂವ. ಮಗ್ಗ ಗುಜರಿಗೆ ಹೋತು,
ಕಾಲು ಇನ್ನೂ ಕುರ್ಚಿ ಕೆಳಗ ತುಳೀತಾವ.
"ಇದು ಹಾಸು. ಇದು ಹೊಕ್ಕು.
ಒಂದರ ಮ್ಯಾಲ, ಒಂದರ ಕೆಳಗ.
ವಿದ್ಯಾ ಇಷ್ಟ. ಉಳಿದದ್ದು ಸೊಂಟನೋವು."

ನಾನು ಕಂಡಕ್ಟರ್. ಮೂವತ್ತೊಂದು ವರ್ಷ
ಗದಗ–ರೋಣ, ಗದಗ–ಮುಂಡರಗಿ.
ಕಾಗದ ಹರಿಯೂದು ಗೊತ್ತು ನನಗ, ಕೂಡಸೂದು ಗೊತ್ತಿಲ್ಲ.
ನಾ ಸೀಳಿದ ಪಟ್ಟಿ ನೋಡಿ
"ಇದು ನರಗುಂದದ ಮ್ಯಾಲಾಸಿ ಹೊಂಟೈತಿ" ಅಂತ ನಕ್ಕಳು ಜೈತುನಬಿ.
ಪ್ರೆಸ್ಸಿನಾಗ ದಿನಕ್ಕ ಸಾವಿರ ಲಕೋಟಿ ಮಡಚಿದ ಬೆರಳು,
ಕತ್ತರಿ ಬ್ಯಾಡ ಅಕಿಗೆ, ಉಗುರಿನ ಗೆರಿ ಸಾಕು.

ಸೀಳುವಾಗ ಓದಬಾರದು ಅಂತ ಮಾತಾಗಿತ್ತು.
ಓದಿದ್ವಿ.
ಹಾಲು ಅರ್ಧ ಲೀಟರ್. ಹಾಲು ಇಲ್ಲ. ಹಾಲು ಇಲ್ಲ.
ಸಿಲಿಂಡರ್ ಹಚ್ಚಿದ್ದು.
ಹೊಸಾ ಕನ್ನಡಕ, ಸಾವಿರದೆಂಟನೂರು, ತುಟ್ಟಿ.
ಹೋಳಿಹುಣ್ಣಿಮಿ ಮರುದಿನ, ಶುಗರ್ ಇನ್ನೂರ ಹದಿನೆಂಟು.
"ಹೋಳಿಗಿ ಮುಟ್ಟಿಲ್ಲ ಅಂದಿದ್ದೆಲ್ಲೋ ಅಂದಾನೆಪ್ಪಾ!"
ಅಂದಾನೆಪ್ಪ ಅಂಟಿನ ಬಟ್ಟಲಾ ಕಲಿಸೇ ಕಲಿಸಿದ.

ಶಾವಂತ್ರೆವ್ವ ಆಗಸ್ಟ್ ಕೊಡವೊಲ್ಲಳು.
ಜುಲೈ ಕೊಟ್ಟಳು, ಸಪ್ಟಂಬರ್ ಕೊಟ್ಟಳು,
ಅದೊಂದು ಹಾಳಿ ತೊಡಿ ಕೆಳಗ ಇಟಗೊಂಡು ಕುಂತಳು.
ಗಾಳಿ ಮೂಲಿ ಎತ್ತಿದಾಗ ನನಗಷ್ಟ ಕಂಡಿತು:
ಹತ್ತೊಂಬತ್ತರ ಮನಿಯಾಗ ಪೆನ್ಸಿಲಿನ ಒಂದು ಗೀಟು,
ಅದರ ಮುಂದ ಹಾಲಿನ ಲೆಕ್ಕ ಇಲ್ಲ, ತಿಂಗಳ ಮುಗಿಯೂತನಕ.

ಚಾ ಬಂತು. ಕಪ್ಪಿನ ಬಿಸಿಗೆ ಬೆರಳು ಕಾಸಿಕೊಂಡ್ವಿ.
ಅಕಿ ಕೇಳಿದಳು, ಯಾರ ಮುಖಾನೂ ನೋಡದ:
"ಅಣ್ಣಾ, ಕೆಳಗ ಹೋದದ್ದು ಕಾಣತೈತೇನು?"
"ಮಗುಚಿದರ ಕಾಣತೈತಿ ತಂಗಿ."
"ಮಗುಚಿದರ," ಅಂದಳು. ಮತ್ತ ಒಂದು ಗುಟುಕು ಕುಡಿದಳು.
ಆಮ್ಯಾಲ ತಾನ ಕತ್ತರಿ ತಗೊಂಡಳು.

ಐದು ಮ್ಯಾಲ ಬಂತು.
ಹನ್ನೆರಡು ಕೆಳಗ ಹೋತು.
ಲೆಕ್ಕದ ಪ್ರಕಾರ ಈಗ ಹತ್ತೊಂಬತ್ತು ಮ್ಯಾಲ ಬರಬೇಕು.
ಅಕಿ ಕೈ ನಿಂತಿತು.
ನಲವತ್ತೆರಡು ವರ್ಷ ಒಂದು ಎಳಿ ತಪ್ಪಸದಾಂವ,
ಎಳಿ ತಪ್ಪಿಸಿದ ಮಕ್ಕಳ ಕೈಮ್ಯಾಲ ಲಾಳಿಲೇ ಬಡಿದಾಂವ,
ಕೆಮ್ಮಿದ. ಆಕಾಶ ನೋಡಿದ.
"ಎರಡೂ ಕೆಳಗ ಹಾಕವಾ. ನಡೀತೈತಿ."

ಏಳು ಚಾಪಿ ಆದವು, ಅಂಗೈ ಎರಡು ಕೂಡಿದಷ್ಟು.
ನಾಕು ವಾಚನಾಲಯದ ಚಾದ ಕಿಟ್ಲಿ ಕೆಳಗ,
ಒಂದು ಜೈತುನಬಿ ಮೊಮ್ಮಗಳ ಸಾಲಿಗೆ.
ನಂದು ಒಂದು ಕಡೆ ಬಿಚ್ಚಿಕೊಂಡಿತ್ತು, ಅಂಟು ಸಾಲದ;
ಆದರೂ ಕಿಸೆದಾಗ ಇಟ್ಟೆ.
ಶಾವಂತ್ರೆವ್ವನದು ಅಕಿ ಸೆರಗಿನಾಗ ಹೋತು,
ಯಾವ ಮಗ್ಗಲಾ ಮ್ಯಾಲಿತ್ತೋ ನಾ ನೋಡಲಿಲ್ಲ.

ಇಳಿಯುವಾಗ ಮೆಟ್ಟಲಾ ಬಾಯಾಗ ನಿಂತು
ಹಳೇ ಚಟಾ, ತಲಿ ಎಣಿಸಿದೆ.
ಏಳು.
"ಸಾವಕಾಶ ಇಳೀರಿ," ಅಂದೆ,
"ಬಸ್ಸು ನಿಂತೈತಿ."